ಕಾರ್ ಶೆಡ್ ರೂಮ್ ಆಗುವಾಗ: ಕೊಡಗಿನಲ್ಲಿ ಯಾರ ಒಪ್ಪಿಗೆ ಬೇಕು, ಯಾಕೆ ಬೇಕು?

ಮನೆ ಪಕ್ಕದ ಕಾರ್ ಶೆಡ್ಡಿಗೆ ಮುಂದೊಂದು ಗೋಡೆ ಎಬ್ಬಿಸಿ, ಕಿಟಕಿ ಇಟ್ಟು, ನೆಲಕ್ಕೆ ಟೈಲ್ಸ್ ಹಾಕಿ, ಮೂಲೆಯಲ್ಲಿ ಬಾತ್‌ರೂಮ್ ಕಟ್ಟಿದರೆ ರೂಮ್ ರೆಡಿ. ಮೇಸ್ತ್ರಿಗೆ ಕೆಲವೇ ವಾರಗಳ ಕೆಲಸ. ಕೆಲವರಿಗೆ ಮೆಟ್ಟಿಲು ಹತ್ತಲಾಗದ ಅಪ್ಪ ಅಮ್ಮನಿಗೆ ಕೆಳಗೇ ಒಂದು ಕೋಣೆ ಬೇಕಿರುತ್ತದೆ. ಕೆಲವರಿಗೆ ಶನಿವಾರ, ಭಾನುವಾರ ಬರುವ ಪ್ರವಾಸಿಗರಿಗೆ ಕೊಡುವ ಆಸೆ. ಇನ್ನು ಕೆಲವರು ಕಾಫಿಪುಡಿ, ಕರಿಮೆಣಸು, ಜೇನು ಮಾರುವ ಸಣ್ಣ ಅಂಗಡಿ ಇಡಬೇಕು ಅಂತಿದ್ದಾರೆ.

ಇದಕ್ಕೆ ಪರವಾನಗಿ ಬೇಕಾ? ಈ ಸರಳ ಪ್ರಶ್ನೆಗೆ ಒಬ್ಬೊಬ್ಬರು ಒಂದೊಂದು ಉತ್ತರ ಕೊಡುತ್ತಾರೆ. "ಶೆಡ್ಡು ಮೊದಲೇ ಇದೆಯಲ್ಲ, ಒಳಗೆ ಏನು ಮಾಡಿದರೂ ನಡೆಯುತ್ತೆ" ಅನ್ನುವವರಿದ್ದಾರೆ. "ಈಗ ಹೊಸ ರೂಲ್ಸ್ ಬಂದಿದೆ, ಕರೆಂಟೇ ಕೊಡಲ್ಲ" ಅನ್ನುವವರೂ ಇದ್ದಾರೆ. "ಪಶ್ಚಿಮ ಘಟ್ಟದ ನೋಟಿಫಿಕೇಶನ್ ಬಂದ ಮೇಲೆ ಒಂದು ಇಟ್ಟಿಗೆಯನ್ನೂ ಇಡುವ ಹಾಗಿಲ್ಲ" ಎಂದು ಹೆದರಿಸುವವರೂ ಸಿಗುತ್ತಾರೆ. ಮೂರು ಮಾತಿನಲ್ಲೂ ಒಂದಿಷ್ಟು ನಿಜ ಇದೆ, ಒಂದಿಷ್ಟು ತಪ್ಪು ಸೇರಿಕೊಂಡಿದೆ. ಅದನ್ನು ಬಿಡಿಸಿ ನೋಡೋಣ.

ಗೊಂದಲ ಎಲ್ಲಿಂದ ಶುರುವಾಯಿತು

ಮೊದಲನೆಯದು ಸುಪ್ರೀಂ ಕೋರ್ಟಿನ ತೀರ್ಪು. 2024ರ ಡಿಸೆಂಬರ್ 17ರಂದು ಬಂದ ಈ ತೀರ್ಪು ಉತ್ತರ ಪ್ರದೇಶದ ಮೀರತ್‌ನ ಶಾಸ್ತ್ರಿನಗರದ ಒಂದು ನಿವೇಶನಕ್ಕೆ ಸಂಬಂಧಪಟ್ಟದ್ದು. ಮನೆ ಕಟ್ಟಲೆಂದು ಕೊಟ್ಟ ಜಾಗದಲ್ಲಿ ಅನುಮತಿ ಇಲ್ಲದೆ ಅಂಗಡಿಗಳು ಎದ್ದಿದ್ದವು. ಅಂಗಡಿಯವರು ವರ್ಷಗಟ್ಟಲೆ ಅಲ್ಲೇ ವ್ಯಾಪಾರ ಮಾಡಿಕೊಂಡಿದ್ದರು. ಆದರೂ ಕೋರ್ಟ್ ಒಪ್ಪಲಿಲ್ಲ. ಎಷ್ಟೇ ವರ್ಷ ಆಗಿರಲಿ, ಎಷ್ಟೇ ದುಡ್ಡು ಹಾಕಿರಲಿ, ಅಧಿಕಾರಿಗಳು ಕಣ್ಣು ಮುಚ್ಚಿಕೊಂಡಿರಲಿ, ಅಕ್ರಮ ಕಟ್ಟಡ ಅದರಿಂದ ಸಕ್ರಮ ಆಗುವುದಿಲ್ಲ ಎಂದಿತು. 2025ರ ಅಕ್ಟೋಬರಿನಲ್ಲಿ ಆ ಮಳಿಗೆಗಳನ್ನು ಕೆಡವಿದರು.

ಕೋರ್ಟ್ ಅಷ್ಟಕ್ಕೆ ನಿಲ್ಲಿಸಲಿಲ್ಲ. ಇಡೀ ದೇಶಕ್ಕೆ ಅನ್ವಯಿಸುವ ಸೂಚನೆಗಳನ್ನೂ ಕೊಟ್ಟಿತು. ಕಟ್ಟಡ ಮುಗಿದ ಮೇಲೆ ಸಿಗುವ ಸ್ವಾಧೀನಾನುಭವ ಪತ್ರ, ಅಂದರೆ ನಾವೆಲ್ಲ ಒಸಿ ಅನ್ನುವ ಕಾಗದ, ಇದ್ದರೆ ಮಾತ್ರ ಕರೆಂಟು, ನೀರು, ಒಳಚರಂಡಿ ಕೊಡಬೇಕು. ಬ್ಯಾಂಕುಗಳು ಅದನ್ನು ನೋಡಿಯೇ ಸಾಲ ಕೊಡಬೇಕು. ಅನುಮತಿ ಇಲ್ಲದ ಕಟ್ಟಡದಲ್ಲಿ ವ್ಯಾಪಾರ ಮಾಡಲು ಯಾವ ಇಲಾಖೆಯೂ ಲೈಸೆನ್ಸ್ ಕೊಡಬಾರದು. ಕಾರ್ ಶೆಡ್ಡಿನಲ್ಲಿ ಅಂಗಡಿ ಇಡಬೇಕು ಅನ್ನುವವರು ಗಮನಿಸಬೇಕಾದದ್ದು ಈ ಕೊನೆಯ ಸೂಚನೆಯನ್ನು.

ಇದರ ಬಿಸಿ ಕರ್ನಾಟಕಕ್ಕೆ ತಟ್ಟಿದ್ದು 2025ರಲ್ಲಿ. ರಾಜ್ಯದ ವಿದ್ಯುತ್ ಕಂಪನಿಗಳು ಒಸಿ ಇಲ್ಲದ ಹೊಸ ಕಟ್ಟಡಗಳಿಗೆ ಸಂಪರ್ಕ ಕೊಡುವುದನ್ನು ನಿಲ್ಲಿಸಿದವು. ಕೊಡಗಿಗೆ ಕರೆಂಟು ಕೊಡುವ ಚಾಮುಂಡೇಶ್ವರಿ ವಿದ್ಯುತ್ ನಿಗಮ, ಅಂದರೆ ನಮ್ಮ ಸೆಸ್ಕ್, ಕೂಡ ಅದೇ ವ್ಯವಸ್ಥೆಯ ಒಳಗಿದೆ. ಜನ ಗಲಾಟೆ ಮಾಡಿದ ಮೇಲೆ ಸರ್ಕಾರ 1,200 ಚದರಡಿ ಒಳಗಿನ ನಿವೇಶನಗಳ ಸಣ್ಣ ಮನೆಗಳಿಗೆ ವಿನಾಯಿತಿಯ ದಾರಿ ಹುಡುಕಿತು. ಆ ವಿನಾಯಿತಿ ವಾಸದ ಮನೆಗೆ. ಅಂಗಡಿಗೋ ಬಾಡಿಗೆ ರೂಮಿಗೋ ಅದನ್ನು ಎಳೆದುಕೊಂಡು ಬರಲಾಗದು.

ಎರಡನೆಯದು ಖಾತೆಯ ಸುದ್ದಿ. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ನಗರ ಪ್ರದೇಶಗಳ ಅನಧಿಕೃತ ಆಸ್ತಿಗಳಿಗೆ ಬಿ ಖಾತೆ ಕೊಡುವ ಅಭಿಯಾನ ಶುರುಮಾಡಿತು. ಪಂಚಾಯಿತಿಗಳಲ್ಲಿ ಇ-ಸ್ವತ್ತು ಎಂಬ ಆಸ್ತಿ ದಾಖಲೆಯ ಆನ್‌ಲೈನ್ ವ್ಯವಸ್ಥೆಯ ಮೂಲಕ ನಮೂನೆ 11ಬಿ ಎಂಬ ಕಾಗದ ಮೊದಲಿಂದಲೂ ಇದೆ. ಇದನ್ನು ಕಂಡು ಹಲವರು "ಖಾತೆ ಸಿಕ್ಕಿತು, ಕಂದಾಯ ಕಟ್ಟಿದ್ದೇನೆ, ಇನ್ನೇನು ತೊಂದರೆ?" ಅಂದುಕೊಂಡರು. ಆದರೆ ಈ ಕಾಗದಗಳ ಕೆಲಸ ತೆರಿಗೆ ವಸೂಲಿ ಮಾತ್ರ. ಕಟ್ಟಡ ನಿಯಮದ ಪ್ರಕಾರ ಇದೆ ಎಂದು ಅವು ಹೇಳುವುದೇ ಇಲ್ಲ. ಕಂದಾಯದ ರಸೀದಿ ಬೇರೆ, ಕಟ್ಟಡದ ಪರವಾನಗಿ ಬೇರೆ.

ಮೂರನೆಯದು ಪಶ್ಚಿಮ ಘಟ್ಟದ ಹಳ್ಳಿಗಳನ್ನು ಪರಿಸರ ಸೂಕ್ಷ್ಮ ಪ್ರದೇಶ ಎಂದು ಗುರುತಿಸುವ ಕರಡು ಅಧಿಸೂಚನೆ. ವಯನಾಡಿನಲ್ಲಿ ಗುಡ್ಡ ಕುಸಿದ ಮರುದಿನ, 2024ರ ಜುಲೈ 31ರಂದು, ಕೇಂದ್ರ ಸರ್ಕಾರ ಇದನ್ನು ಆರನೇ ಸಲ ಹೊರಡಿಸಿತು. ಕೊಡಗಿನ ಹತ್ತಾರು ಹಳ್ಳಿಗಳು ಪಟ್ಟಿಯಲ್ಲಿವೆ. ಅದೇ ವರ್ಷ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಈ ಕರಡಿಗೆ ಆಧಾರವಾದ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಆದರೆ ಕರಡನ್ನು ಓದಿ ನೋಡಿದರೆ ಅಲ್ಲಿ ತಡೆ ಇರುವುದು 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಟ್ಟಡ ಯೋಜನೆಗಳಿಗೆ. ಈಗಾಗಲೇ ಇರುವ ವಾಸದ ಮನೆಗಳ ದುರಸ್ತಿ, ವಿಸ್ತರಣೆ, ನವೀಕರಣಕ್ಕೆ ನಿರ್ಬಂಧ ಇಲ್ಲ, ಉಳಿದ ಕಾನೂನು ಪಾಲಿಸಿದರೆ ಸಾಕು ಎಂದು ಅದೇ ಕರಡು ಹೇಳುತ್ತದೆ. ಹಾಗಾಗಿ ಒಂದು ಕಾರ್ ಶೆಡ್ಡಿನ ವಿಷಯಕ್ಕೆ ಆ ಅಧಿಸೂಚನೆಯನ್ನು ತೋರಿಸಿ ಹೆದರಿಸುವುದು ಸರಿಯಲ್ಲ.

ಕಾನೂನು ಕೇಳುವುದು ಗೋಡೆಯನ್ನಲ್ಲ

ಹಾಗಾದರೆ "ಉಳಿದ ಕಾನೂನು" ಯಾವುದು? ಮುಖ್ಯವಾದದ್ದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಅದರ 14ನೇ ಕಲಮಿನಲ್ಲಿ 'ಅಭಿವೃದ್ಧಿ' ಎಂಬ ಮಾತಿಗೆ ಅರ್ಥ ಕೊಟ್ಟಿದ್ದಾರೆ. ಹೊಸದಾಗಿ ಕಟ್ಟುವುದಷ್ಟೇ ಅಭಿವೃದ್ಧಿ ಅಲ್ಲ. ಇರುವ ಕಟ್ಟಡವನ್ನು ಬೇರೆ ಕೆಲಸಕ್ಕೆ ಬಳಸಲು ಶುರುಮಾಡಿದರೂ, ಆ ಬದಲಾವಣೆ ದೊಡ್ಡದಾಗಿದ್ದರೆ, ಅದೂ ಅಭಿವೃದ್ಧಿಯೇ. ಅದಕ್ಕೆ ಯೋಜನಾ ಪ್ರಾಧಿಕಾರದ ಅನುಮತಿ ಬೇಕು.

ಅದೇ ಕಲಮಿನಲ್ಲಿ ಮನೆಯವರಿಗೆ ಅನುಕೂಲವಾಗುವ ಎರಡು ವಿನಾಯಿತಿಗಳೂ ಇವೆ. ಕಟ್ಟಡದ ಒಳಗಡೆ ಮಾತ್ರ ಮಾಡುವ ಕೆಲಸ, ಅಥವಾ ಹೊರಗಿನ ನೋಟವನ್ನು ಹೆಚ್ಚು ಬದಲಿಸದ ಕೆಲಸ, ಅಭಿವೃದ್ಧಿ ಅನ್ನಿಸಿಕೊಳ್ಳುವುದಿಲ್ಲ. ಮನೆಯ ಆವರಣದೊಳಗಿನ ಕಟ್ಟಡವನ್ನು ಆ ಮನೆಯವರ ವಾಸಕ್ಕೆ ಪೂರಕವಾಗಿ ಬಳಸಿದರೂ ಅಷ್ಟೇ.

"ಒಳಗೆ ಏನು ಮಾಡಿದರೂ ನಡೆಯುತ್ತೆ" ಎಂಬ ಮಾತಿನ ಮೂಲ ಇಲ್ಲಿದೆ. ಆದರೆ ಜನ ಅರ್ಧ ಮಾತ್ರ ನೆನಪಿಟ್ಟುಕೊಂಡಿದ್ದಾರೆ. ಒಂದೇ ಶೆಡ್ಡನ್ನು ತೆಗೆದುಕೊಳ್ಳಿ. ಅದರಲ್ಲಿ ಅಜ್ಜಿಯನ್ನು ಮಲಗಿಸಿದರೆ ಅದು ಮನೆಯ ಭಾಗ. ಮಗಳು ಪರೀಕ್ಷೆಗೆ ಓದಲು ಕೂತರೂ ಮನೆಯ ಭಾಗವೇ. ಅದೇ ಕೋಣೆಯನ್ನು ದಿನಕ್ಕೆ ಇಷ್ಟು ಎಂದು ಪ್ರವಾಸಿಗರಿಗೆ ಕೊಟ್ಟರೆ, ಅಥವಾ ರಸ್ತೆ ಕಡೆಗೆ ಬಾಗಿಲು ತೆರೆದು ಅಂಗಡಿ ಇಟ್ಟರೆ, ಬಳಕೆ ಬದಲಾಯಿತು. ಗೋಡೆ ಅದೇ, ಕಿಟಕಿ ಅದೇ. ಆದರೆ ಯಾರು ಬಳಸುತ್ತಾರೆ ಅನ್ನುವುದರ ಮೇಲೆ ಇಡೀ ಲೆಕ್ಕ ನಿಂತಿದೆ.

ಇದು ಸುಮ್ನೆ ತಾಂತ್ರಿಕ ಭೇದ ಅಲ್ಲ. ಮನೆಯವರೇ ಬಳಸಿದರೆ ಆ ಮನೆಯ ನೀರು, ಕೊಳಚೆ, ವಾಹನ ಹೆಚ್ಚು ಕಡಿಮೆ ಮೊದಲಿನಷ್ಟೇ ಇರುತ್ತದೆ. ಹೊರಗಿನವರು ಬಂದರೆ ಮೂರೂ ಜಾಸ್ತಿಯಾಗುತ್ತದೆ, ಅದರ ಭಾರ ಅಕ್ಕಪಕ್ಕದವರ ಮೇಲೂ ಬೀಳುತ್ತದೆ. ಕಾನೂನು ಮಧ್ಯೆ ಬರುವುದು ಅದಕ್ಕೆ.

ಒಂದು ಎಚ್ಚರಿಕೆ. ಈ ವಿನಾಯಿತಿ ಯೋಜನಾ ಕಾಯ್ದೆಯದು. ಶಟರ್ ತೆಗೆದು ಹೊಸ ಗೋಡೆ ಕಟ್ಟಿದರೆ, ಶೀಟ್ ತೆಗೆದು ಸ್ಲ್ಯಾಬ್ ಹಾಕಿದರೆ, ಅದು ಕಟ್ಟಡ ಕೆಲಸ. ಅದಕ್ಕೆ ಊರಿನ ಸ್ಥಳೀಯ ಸಂಸ್ಥೆಯ ಪರವಾನಗಿ ಬೇರೆಯಾಗಿಯೇ ಬೇಕು, ಕೋಣೆ ಅಜ್ಜಿಗಾದರೂ ಸರಿ.

ಯಾವ ಬಾಗಿಲು ತಟ್ಟಬೇಕು

ಮಡಿಕೇರಿಯಲ್ಲಿ ನಗರಸಭೆ ಇದೆ, ಜೊತೆಗೆ ನಗರಾಭಿವೃದ್ಧಿ ಪ್ರಾಧಿಕಾರವೂ ಇದೆ. ಕುಶಾಲನಗರಕ್ಕೂ ತನ್ನದೇ ಯೋಜನಾ ಪ್ರಾಧಿಕಾರ ಇದೆ. ಭೂ ಬಳಕೆ, ಅಂದರೆ ಈ ಜಾಗ ವಾಸಕ್ಕೋ ವಾಣಿಜ್ಯಕ್ಕೋ ಅನ್ನುವುದು, ಪ್ರಾಧಿಕಾರದ ವಿಷಯ. ಕಟ್ಟಡದ ಪರವಾನಗಿ ಸ್ಥಳೀಯ ಸಂಸ್ಥೆಯದು. ಪುರಸಭೆ, ಪಟ್ಟಣ ಪಂಚಾಯಿತಿ, ನಗರಸಭೆಗಳಿಗೆ ಈ ಅಧಿಕಾರ ಬರುವುದು 1964ರ ಪುರಸಭೆಗಳ ಕಾಯ್ದೆಯ 187ನೇ ಕಲಮಿನಿಂದ. ಹಳ್ಳಿಗಳಲ್ಲಿ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಮಿನ ಪ್ರಕಾರ ಗ್ರಾಮ ಪಂಚಾಯಿತಿಯನ್ನು ಕೇಳಬೇಕು. "ನಮ್ಮದು ಹಳ್ಳಿ, ಇಲ್ಲಿ ಪ್ಲಾನ್ ಗೀನ್ ಬೇಡ" ಅನ್ನುವ ಮಾತು ಕೊಡಗಿನಲ್ಲಿ ತುಂಬಾ ಕೇಳುತ್ತದೆ. ಅದು ತಪ್ಪು.

ಹೋಂಸ್ಟೇ ಆದರೆ ಮೂರನೇ ಬಾಗಿಲೂ ಇದೆ, ಪ್ರವಾಸೋದ್ಯಮ ಇಲಾಖೆಯದು. ಅಲ್ಲಿ ನೋಂದಣಿ ಮಾಡಿಸಬೇಕು. ಹೋಂಸ್ಟೇ ಅನ್ನಿಸಿಕೊಳ್ಳಲು ಮನೆಯವರು ಅಲ್ಲೇ ವಾಸ ಇರಬೇಕು. ಮಾಲೀಕರು ಬೆಂಗಳೂರಿನಲ್ಲಿದ್ದು, ಇಲ್ಲಿ ಶೆಡ್ಡಿನ ರೂಮನ್ನು ಕೆಲಸದವರ ಕೈಗೆ ಬಿಟ್ಟರೆ ಅದು ಹೋಂಸ್ಟೇ ಅಲ್ಲ, ಲಾಡ್ಜ್. ಲಾಡ್ಜಿಗೆ ಬೇರೆಯೇ ನಿಯಮ.

ತೋಟದೊಳಗಿನ ಮನೆ, ಜಮ್ಮಾ ಜಾಗ

ಕೊಡಗಿನ ಬಹಳಷ್ಟು ಮನೆಗಳು ನಿವೇಶನದಲ್ಲಿಲ್ಲ, ತೋಟದ ನಡುವೆ ಇವೆ. ಪಹಣಿಯಲ್ಲಿ ಆ ಜಾಗ ಇನ್ನೂ ಕಾಫಿ ತೋಟವೇ. ಕೃಷಿಕರು ತಮ್ಮ ಜಮೀನಿನಲ್ಲಿ ತಮ್ಮ ವಾಸಕ್ಕೂ ಬೇಸಾಯಕ್ಕೂ ಬೇಕಾದ ಕಟ್ಟಡ ಕಟ್ಟಿಕೊಳ್ಳಲು ಭೂ ಕಂದಾಯ ಕಾಯ್ದೆ ಅವಕಾಶ ಕೊಡುತ್ತದೆ. ಜೀಪು, ಟಿಲ್ಲರ್, ಗೊಬ್ಬರ, ಸ್ಪ್ರೇಯರ್ ಇಡುವ ಶೆಡ್ಡಿಗೆ ಯಾರೂ ತಕರಾರು ಮಾಡಲ್ಲ. ಆದರೆ ಅದೇ ಶೆಡ್ಡು ಪ್ರವಾಸಿಗರ ರೂಮಾದಾಗ ಅಷ್ಟು ಜಾಗ ಕೃಷಿಯೇತರ ಬಳಕೆಗೆ ಹೋಯಿತು. ಆಗ 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಮಿನ ಭೂ ಪರಿವರ್ತನೆ ಮುಂದೆ ಬರುತ್ತದೆ. ಪರಿವರ್ತನೆ ಇಲ್ಲದೆ ಮಾಡಿದರೆ 96ನೇ ಕಲಮಿನಲ್ಲಿ ದಂಡ ಇದೆ.

ಇಲ್ಲಿಗೆ ಬಂದು ಅನೇಕರ ಕಡತ ನಿಲ್ಲುತ್ತದೆ. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಬಾಣೆ ಜಾಗದ ಪಹಣಿಯಲ್ಲಿ ಒಕ್ಕದ, ಅಂದರೆ ಮನೆತನದ, ಹಿರಿಯರಾದ ಪಟ್ಟೇದಾರರ ಹೆಸರು, ಜೊತೆಗೆ ದಾಯಾದಿಗಳ ಹೆಸರುಗಳ ಉದ್ದ ಸಾಲು. ಅವರಲ್ಲಿ ಎಷ್ಟೋ ಜನ ತೀರಿಕೊಂಡಿರುತ್ತಾರೆ. ಮನೆ ಕಟ್ಟಿಕೊಂಡು ತಲೆಮಾರುಗಳಿಂದ ಅಲ್ಲೇ ಇರುವವರ ಹೆಸರಲ್ಲಿ ಮಾತ್ರ ಸ್ಪಷ್ಟ ದಾಖಲೆ ಇರುವುದಿಲ್ಲ. ಅರ್ಜಿಗೆ ಎಲ್ಲರ ಸಹಿ ಬೇಕು ಅಂದರೆ ಎಲ್ಲಿಂದ ತರುವುದು? ನಿಯಮ ಪಾಲಿಸಬೇಕು ಅನ್ನುವ ಮನಸ್ಸಿದ್ದವರೂ ಇಲ್ಲಿ ಸೋತು, ಯಾರನ್ನೂ ಕೇಳದೆ ಕಟ್ಟಿಬಿಡುತ್ತಾರೆ. ಜಮ್ಮಾ ದಾಖಲೆ ಸರಿಪಡಿಸಲು ಭೂ ಕಂದಾಯ ಕಾಯ್ದೆಗೆ ತಿದ್ದುಪಡಿ ತರುವ ಮಸೂದೆ 2025ರ ಡಿಸೆಂಬರಿನ ಬೆಳಗಾವಿ ಅಧಿವೇಶನದಲ್ಲಿ ಅಂಗೀಕಾರವಾಯಿತು. ಅದು ತಾಲ್ಲೂಕು ಕಚೇರಿಯ ಮಟ್ಟದಲ್ಲಿ ಎಷ್ಟು ಬೇಗ ಜಾರಿಯಾಗುತ್ತದೆ ಅನ್ನುವುದರ ಮೇಲೆ ಇಂಥ ನೂರಾರು ಸಣ್ಣ ಅರ್ಜಿಗಳ ಗತಿ ನಿಂತಿದೆ. ಜನರನ್ನು ಅಕ್ರಮದವರು ಅನ್ನುವ ಮೊದಲು ದಾಖಲೆಯ ದಾರಿ ತೆರೆಯಬೇಕಾದದ್ದು ಸರ್ಕಾರದ ಕೆಲಸ.

ಶೆಡ್ಡಿಗೆ ರಿಯಾಯಿತಿ ಕೊಟ್ಟಿದ್ದೇಕೆ

ಪಟ್ಟಣದಲ್ಲಿ ಪ್ಲಾನ್ ಮಂಜೂರು ಮಾಡುವಾಗ ಒಂದು ನಿವೇಶನದಲ್ಲಿ ಒಟ್ಟು ಇಷ್ಟೇ ಕಟ್ಟಬಹುದು ಎಂಬ ಮಿತಿ ಇರುತ್ತದೆ. ಇದಕ್ಕೆ ಎಫ್‌ಎಆರ್ ಅನ್ನುತ್ತಾರೆ. ವಾಹನ ನಿಲ್ಲಿಸುವ ಜಾಗವನ್ನು ಸಾಮಾನ್ಯವಾಗಿ ಈ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಾರು ರಸ್ತೆಗೆ ಬರದೆ ಮನೆಯೊಳಗೇ ನಿಲ್ಲಲಿ ಎಂದು ಕೊಟ್ಟ ರಿಯಾಯಿತಿ ಅದು. ಒಂದು ಕಾರಿಗೆ 2.5 ಮೀಟರ್ ಅಗಲ, 5.5 ಮೀಟರ್ ಉದ್ದ ಲೆಕ್ಕ ಹಾಕುತ್ತಾರೆ. ಸುಮಾರು 150 ಚದರಡಿ.

ಶೆಡ್ಡು ರೂಮಾದ ಕೂಡಲೇ ಈ 150 ಚದರಡಿ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಮನೆ ಕಟ್ಟುವಾಗಲೇ ಮಿತಿಯ ಅಂಚಿಗೆ ಹೋಗಿದ್ದವರು ಈಗ ಮಿತಿ ದಾಟುತ್ತಾರೆ. ಇನ್ನೊಂದು ಕಡೆ, ಪ್ಲಾನಿನಲ್ಲಿ ತೋರಿಸಿದ್ದ ಪಾರ್ಕಿಂಗ್ ಮಾಯವಾಯಿತು. ಅಂದರೆ ಒಂದೇ ಗೋಡೆಯಿಂದ ಎರಡು ಉಲ್ಲಂಘನೆ. ಶೆಡ್ಡನ್ನು ಕಾಂಪೌಂಡಿಗೆ ತಾಗಿಸಿ, ಬಿಡಬೇಕಾದ ಜಾಗದಲ್ಲೇ ಕಟ್ಟಿದ್ದರೆ ಮೂರನೆಯದೂ ಸೇರುತ್ತದೆ.

ಕಾರು ಎಲ್ಲಿಗೆ ಹೋಗುತ್ತದೆ? ರಸ್ತೆಗೆ. ಮಡಿಕೇರಿಯ ಒಳರಸ್ತೆಗಳು ಏರು, ತಿರುವು, ಇಕ್ಕಟ್ಟು. ಮನೆಯವರ ಒಂದು ಕಾರು, ರೂಮಿಗೆ ಬಂದವರ ಇನ್ನೊಂದು ಕಾರು ಬದಿಯಲ್ಲಿ ನಿಂತರೆ ಎದುರಿನ ಮನೆಗೆ ಆಂಬುಲೆನ್ಸ್ ಹೋಗುವುದೇ ಕಷ್ಟ. ಪಕ್ಕದ ಮನೆಯವರು ದೂರು ಕೊಡುವುದು ಸಾಮಾನ್ಯವಾಗಿ ಇದೇ ಕಾರಣಕ್ಕೆ. ಅದನ್ನು ಹೊಟ್ಟೆಕಿಚ್ಚು ಅಂದುಬಿಡುವುದು ಅನ್ಯಾಯ.

ಕಾರಿಗೆ ಸಾಕಾದದ್ದು ಮನುಷ್ಯರಿಗೆ ಸಾಲದು

ರಾಷ್ಟ್ರೀಯ ಕಟ್ಟಡ ಸಂಹಿತೆ ಅಂತ ಒಂದಿದೆ. 2016ರ ಆವೃತ್ತಿ ಈಗ ಎಂಜಿನಿಯರುಗಳ ಕೈಯಲ್ಲಿದೆ. ಅದು ತಾನಾಗಿಯೇ ಕಾನೂನಲ್ಲ, ಸ್ಥಳೀಯ ಉಪವಿಧಿಗಳು ಅಳವಡಿಸಿಕೊಂಡಷ್ಟು ಮಾತ್ರ ಕಡ್ಡಾಯ. ಆದರೆ ಒಂದು ಕೋಣೆ ವಾಸಕ್ಕೆ ಯೋಗ್ಯವೇ ಎಂದು ಅಳೆಯಲು ಅದಕ್ಕಿಂತ ಒಳ್ಳೆಯ ಅಳತೆಗೋಲು ಇಲ್ಲ. ಮನೆಗೆ ಒಂದೇ ವಾಸದ ಕೋಣೆ ಇದ್ದರೆ ಅದಕ್ಕೆ ಕನಿಷ್ಠ 9.5 ಚದರ ಮೀಟರ್ ಜಾಗ, 2.4 ಮೀಟರ್ ಅಗಲ ಇರಬೇಕು. ಎತ್ತರ 2.75 ಮೀಟರ್, ಅಂದರೆ ಸುಮಾರು 9 ಅಡಿ. ಹತ್ತಡಿ ಅಗಲದ ಶೆಡ್ಡು ಜಾಗದ ಲೆಕ್ಕದಲ್ಲಿ ಪಾಸಾಗುತ್ತದೆ. ಎತ್ತರದಲ್ಲಿ ಹೆಚ್ಚಿನವು ಸೋಲುತ್ತವೆ, ಯಾಕೆಂದರೆ ಕಾರಿಗೆ 7 ಅಡಿ, 8 ಅಡಿ ಸಾಕು ಅಂತ ಶೀಟ್ ಹೊದಿಸಿರುತ್ತಾರೆ.

ಗಾಳಿ ಬೆಳಕಿನ ಲೆಕ್ಕ ಇನ್ನೂ ಮುಖ್ಯ. ಬಿಸಿಲು, ತೇವ ಎರಡೂ ಇರುವ ಕಡೆ ಕಿಟಕಿಗಳ ಒಟ್ಟು ಅಳತೆ ನೆಲದ ಆರನೇ ಒಂದು ಭಾಗ ಇರಬೇಕು ಅನ್ನುತ್ತದೆ ಸಂಹಿತೆ. 180 ಚದರಡಿ ಕೋಣೆಗೆ 30 ಚದರಡಿ ಕಿಟಕಿ ಬೇಕು. ಶೆಡ್ಡಿನ ಮೂರು ಬದಿಯಲ್ಲಿ ಗೋಡೆ ಅಥವಾ ಮಣ್ಣು ಇದ್ದರೆ ಅಷ್ಟು ಕಿಟಕಿ ಇಡಲು ಮುಂದಿನ ಬದಿ ಒಂದೇ ಉಳಿಯುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಾಡದ ಕೋಣೆಯ ಗೋಡೆ ಹೇಗಿರುತ್ತೆ, ಹಾಸಿಗೆ ಯಾವ ವಾಸನೆ ಬರುತ್ತೆ ಅಂತ ಇಲ್ಲಿಯವರಿಗೆ ಹೇಳಿಕೊಡಬೇಕಾಗಿಲ್ಲ.

ನೆಲದ ಎತ್ತರವೂ ಹಾಗೆಯೇ. ಮನೆಯ ತಳಪಾಯ ಸುತ್ತಲಿನ ನೆಲಕ್ಕಿಂತ 45 ಸೆಂಟಿಮೀಟರ್ ಎತ್ತರ ಇರಬೇಕು. ವಾಹನ ನಿಲ್ಲಿಸುವ ಜಾಗಕ್ಕೆ 15 ಸೆಂಟಿಮೀಟರ್ ಸಾಕು. ಈ ಒಂದಡಿಯ ವ್ಯತ್ಯಾಸದಲ್ಲೇ ಮಳೆನೀರು ಒಳಗೆ ಬರುತ್ತದೋ ಇಲ್ಲವೋ ಅನ್ನುವುದು ನಿರ್ಧಾರವಾಗುತ್ತದೆ. ನೆಲ ಎತ್ತರಿಸಿದರೆ ಮಾಡು ಇನ್ನೂ ತಗ್ಗಾಗುತ್ತದೆ, ಆಗ ಮಾಡನ್ನೂ ಎತ್ತಬೇಕು. ಅಲ್ಲಿಗೆ "ಒಳಗಿನ ಕೆಲಸ ಅಷ್ಟೇ" ಅನ್ನುವ ವಾದ ಮುಗಿಯಿತು.

ಬಾತ್‌ರೂಮಿನ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಚಿಕ್ಕ ಬಾತ್‌ರೂಮಿನ ಒಳಗೆ ಗ್ಯಾಸ್ ಗೀಸರ್ ಇಡಬೇಡಿ. ಗಾಳಿ ಸಾಲದೆ ಗ್ಯಾಸ್ ಉರಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಸ್ನಾನಕ್ಕೆ ಹೋದವರು ಬಿದ್ದಾಗಲೇ ಗೊತ್ತಾಗುವುದು. ಚಳಿಗೆ ಕಿಟಕಿ ಮುಚ್ಚಿಕೊಳ್ಳುವ ನಮ್ಮ ಊರುಗಳಲ್ಲಿ ಇದು ಇನ್ನೂ ಅಪಾಯ. ಗೀಸರ್, ಸಿಲಿಂಡರ್ ಎರಡೂ ಹೊರಗಿರಲಿ.

ಬರೆಯ ಕೆಳಗಿನ ಶೆಡ್ಡು, ಕಂಬದ ಮೇಲಿನ ಶೆಡ್ಡು

ಬಯಲು ಸೀಮೆಯಲ್ಲಿ ಗ್ಯಾರೇಜಿನ ಚರ್ಚೆ ಇಲ್ಲಿಗೆ ಮುಗಿಯಬಹುದು. ಕೊಡಗಿನಲ್ಲಿ ನಿಜವಾದ ವಿಷಯ ಇಲ್ಲಿಂದ ಶುರುವಾಗುತ್ತದೆ.

ಇಳಿಜಾರಿನ ಊರುಗಳಲ್ಲಿ ಕಾರ್ ಶೆಡ್ಡುಗಳು ಎರಡು ಬಗೆ. ಮನೆ ರಸ್ತೆಗಿಂತ ಮೇಲಿದ್ದರೆ, ರಸ್ತೆ ಮಟ್ಟದಲ್ಲಿ ಬರೆಯನ್ನು, ಅಂದರೆ ಕಡಿದಾದ ಮಣ್ಣಿನ ದಿಣ್ಣೆಯನ್ನು, ಕಡಿದು, ಆ ಗೂಡಿನೊಳಗೆ ಶೆಡ್ಡು ಮಾಡಿರುತ್ತಾರೆ. ಮನೆ ರಸ್ತೆಗಿಂತ ಕೆಳಗಿದ್ದರೆ, ಕಂಬ ಎಬ್ಬಿಸಿ, ಇಲ್ಲವೇ ಮಣ್ಣು ತುಂಬಿಸಿ, ರಸ್ತೆ ಮಟ್ಟಕ್ಕೆ ಶೆಡ್ಡು ತಂದಿರುತ್ತಾರೆ.

ಮೊದಲ ಬಗೆಯಲ್ಲಿ ಶೆಡ್ಡಿನ ಹಿಂದಿನ ಗೋಡೆ ಬರೀ ಗೋಡೆಯಲ್ಲ, ಬರೆಯನ್ನು ಹಿಡಿದು ನಿಲ್ಲಿಸಿದ ತಡೆಗೋಡೆ. ಅದರ ಮೇಲೆ ಮನೆಯೇ ಇರಬಹುದು. ಮಳೆಗಾಲದಲ್ಲಿ ಮಣ್ಣು ನೀರು ಕುಡಿದು ಭಾರವಾಗುತ್ತದೆ. ಗೋಡೆಯ ಹಿಂದೆ ನೀರು ನಿಂತರೆ ಒತ್ತಡ ಇನ್ನೂ ಜಾಸ್ತಿ. ಅದಕ್ಕೇ ತಡೆಗೋಡೆಯಲ್ಲಿ ನೀರು ಹೊರಬರಲು ಕಿಂಡಿ ಬಿಟ್ಟಿರುತ್ತಾರೆ. ಶೆಡ್ಡಿದ್ದಾಗ ಆ ಕಿಂಡಿಯಿಂದ ನೀರು ಬಂದು ನೆಲದ ಮೇಲೆ ಹರಿದು ಹೋಗುತ್ತಿತ್ತು. ಕಾರಿನ ಚಕ್ರ ಒದ್ದೆಯಾದರೆ ಯಾರಿಗೂ ಚಿಂತೆ ಇಲ್ಲ. ರೂಮ್ ಮಾಡುವಾಗ ಏನಾಗುತ್ತದೆ? "ಗೋಡೆ ಒಸರುತ್ತೆ" ಅಂತ ಕಿಂಡಿಗೆ ಸಿಮೆಂಟ್ ಮೆತ್ತಿ, ವಾಟರ್‌ಪ್ರೂಫ್ ಬಳಿದು, ಮೇಲೆ ಟೈಲ್ಸ್ ಅಂಟಿಸುತ್ತಾರೆ. ಒಳಗಿನಿಂದ ನೋಡಲು ಒಣಗಿದ ಚೆಂದದ ಗೋಡೆ. ಹಿಂದೆ ನೀರಿಗೆ ದಾರಿ ಇಲ್ಲ. ಮೊದಲು ಆ ಗೋಡೆ ಬಿದ್ದರೆ ಕಾರು ಜಜ್ಜಿಹೋಗುತ್ತಿತ್ತು. ಈಗ ಅಲ್ಲಿ ಮಂಚ ಇದೆ, ಮಂಚದ ಮೇಲೆ ಮಲಗಿದವರಿದ್ದಾರೆ.

ಜಾಗ ಸಾಲದು ಅಂತ ಜೆಸಿಬಿ ತರಿಸಿ ಬರೆಯನ್ನು ಇನ್ನೂ ಮೂರಡಿ ಕಡಿಯುವವರೂ ಇದ್ದಾರೆ. ಇದರಷ್ಟು ಅಪಾಯದ ಕೆಲಸ ಇನ್ನೊಂದಿಲ್ಲ. 2018ರ ಆಗಸ್ಟಿನಲ್ಲಿ ಮಡಿಕೇರಿ, ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿದ ಮೇಲೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅಧ್ಯಯನ ಮಾಡಿತು. ವಿಪರೀತ ಮಳೆಯ ಜೊತೆಗೆ, ರಸ್ತೆಗೂ ಮನೆಗೂ ಇಳಿಜಾರನ್ನು ಕಡಿದು ಅದರ ಆಕಾರ ಕೆಡಿಸಿದ್ದನ್ನೂ ಅದು ಎತ್ತಿ ತೋರಿಸಿತು. 2019ರಲ್ಲಿ ವಿರಾಜಪೇಟೆ ಹತ್ತಿರದ ತೋರದಲ್ಲಿ, 2020ರಲ್ಲಿ ತಲಕಾವೇರಿಯಲ್ಲಿ ಮತ್ತೆ ಗುಡ್ಡ ಕುಸಿದು ಜೀವಗಳು ಹೋದವು. ಒಂದು ಶೆಡ್ಡಿಗಾಗಿ ಕಡಿದ ಮೂರಡಿಯಿಂದ ಬೆಟ್ಟವೇ ಬೀಳುತ್ತದೆ ಅಂತಲ್ಲ. ಇಳಿಜಾರಿನ ಬುಡ ಕಡಿದರೆ ಮೇಲಿನ ಮಣ್ಣಿಗೆ ಆಸರೆ ಹೋಗುತ್ತದೆ. ಆ ಮೇಲಿನ ಮಣ್ಣು ಹಲವು ಸಲ ನಮ್ಮದೂ ಆಗಿರುವುದಿಲ್ಲ, ಮೇಲಿನ ಮನೆಯವರದು.

ಎರಡನೇ ಬಗೆ, ಕಂಬದ ಮೇಲಿನ ಶೆಡ್ಡು, ನೋಡಲು ಸುರಕ್ಷಿತ. ಆ ಕಂಬಗಳಿಗೆ ಹಾಕಿದ ಲೆಕ್ಕ ಒಂದು ಕಾರಿನ ಭಾರ, ಒಂದು ಶೀಟಿನ ಮಾಡು. ಈಗ ನಾಲ್ಕು ಬದಿಗೆ ಬ್ಲಾಕ್ ಗೋಡೆ, ನೆಲದ ಮೇಲೆ ಇನ್ನೊಂದು ಕಾಂಕ್ರೀಟ್ ಪದರ, ಟೈಲ್ಸ್, ಮಾಡಿನ ಮೇಲೆ ನೀರಿನ ಟ್ಯಾಂಕ್. ಸಾವಿರ ಲೀಟರಿನ ಟ್ಯಾಂಕ್ ತುಂಬಿದರೆ ನೀರೇ ಒಂದು ಟನ್. ಮಣ್ಣು ತುಂಬಿಸಿ ಮಾಡಿದ ಶೆಡ್ಡಾದರೆ ಬಾತ್‌ರೂಮಿನ ಪೈಪು ಎಲ್ಲಾದರೂ ಸೋರಿ ಆ ತುಂಬಿದ ಮಣ್ಣಿಗೆ ವರ್ಷವಿಡೀ ನೀರು ಇಳಿಯುವ ಭಯವೂ ಇದೆ.

ಇಂಗುಗುಂಡಿಯ ವಿಷಯವೂ ಇದೇ. ಹೊಸ ಬಾತ್‌ರೂಮಿಗೆ ಹೊಸ ಗುಂಡಿ ಬೇಕು. ಜಾಗ ಇರುವಲ್ಲಿ, ಅಂದರೆ ಸಾಮಾನ್ಯವಾಗಿ ಬರೆಯ ತಲೆಯಲ್ಲೇ, ಅದನ್ನು ತೋಡುತ್ತಾರೆ. ಮಳೆ ಇಲ್ಲದ ತಿಂಗಳಲ್ಲೂ ಬರೆಗೆ ನೀರು ಕುಡಿಸುವ ವ್ಯವಸ್ಥೆ ಮಾಡಿದ ಹಾಗಾಯಿತು. ಗುಂಡಿಯನ್ನು ಬರೆಯ ಅಂಚಿನಿಂದ ದೂರ ಇಡಿ. ಹಾಗೆ ಜಾಗ ಇಲ್ಲದಿದ್ದರೆ ಅಲ್ಲಿ ಬಾತ್‌ರೂಮನ್ನೇ ಕಟ್ಟಬೇಡಿ.

ಬೇಸರದ ಸಂಗತಿ ಏನೆಂದರೆ, ಪರವಾನಗಿಯ ಅರ್ಜಿಯಲ್ಲಿ ಎಫ್‌ಎಆರ್ ಎಷ್ಟು, ಕಾಂಪೌಂಡಿನಿಂದ ಎಷ್ಟು ಅಡಿ ಅಂತ ವಿವರವಾಗಿ ಕೇಳುತ್ತಾರೆ. ಹಿಂದಿನ ಗೋಡೆ ಏನನ್ನು ಹಿಡಿದುಕೊಂಡಿದೆ, ಅದರ ನೀರು ಎಲ್ಲಿಗೆ ಹೋಗುತ್ತದೆ ಅನ್ನುವ ಪ್ರಶ್ನೆಗೆ ಅಷ್ಟೇ ತೂಕ ಸಿಗುವುದಿಲ್ಲ. ಬಯಲಿನ ಪಟ್ಟಣಗಳಿಗೆ ಬರೆದ ನಿಯಮಗಳನ್ನು ಬೆಟ್ಟಕ್ಕೆ ತಂದಿಟ್ಟರೆ ಹೀಗೇ ಆಗುತ್ತದೆ.

ಯಾರ ವಾದ ಏನು

ಮನೆಯವರ ವಾದದಲ್ಲಿ ಬಲ ಇದೆ. ಕಾಫಿ, ಮೆಣಸಿನ ಬೆಲೆ ಒಂದೇ ಸಮ ಇರುವುದಿಲ್ಲ. ಕೆಲಸದವರು ಸಿಗುವುದಿಲ್ಲ. ಮಕ್ಕಳು ಬೆಂಗಳೂರು, ಮೈಸೂರು ಸೇರಿದ್ದಾರೆ. ಹತ್ತು ಸೆಂಟು ಜಾಗದಲ್ಲಿ ಮನೆ ಇರುವವರಿಗೆ ತಿಂಗಳಿಗೆ ಕೆಲವು ಸಾವಿರ ತರುವ ಒಂದು ರೂಮ್ ದೊಡ್ಡ ಆಧಾರ. ದೊಡ್ಡ ರೆಸಾರ್ಟುಗಳಿಗೆ ಸಿಗುವ ಒಪ್ಪಿಗೆ ನಮ್ಮ ಒಂದು ಶೆಡ್ಡಿಗೆ ಯಾಕೆ ಇಷ್ಟು ಕಷ್ಟ ಅಂತ ಅವರು ಕೇಳುವುದು ಸಹಜ, ಅಲ್ವಾ?

ನೋಂದಣಿ ಮಾಡಿಸಿ, ತೆರಿಗೆ ಕಟ್ಟಿ, ಎಲ್ಲ ಕಾಗದ ಇಟ್ಟುಕೊಂಡು ಹೋಂಸ್ಟೇ ನಡೆಸುವವರ ದೂರು ಬೇರೆ. ಕಾಗದ ಇಲ್ಲದ ರೂಮುಗಳು ಅರ್ಧ ಬೆಲೆಗೆ ಹೋಗುತ್ತವೆ, ಏನಾದರೂ ಅನಾಹುತ ಆದರೆ ಕೆಟ್ಟ ಹೆಸರು ಎಲ್ಲರಿಗೂ ಬರುತ್ತದೆ ಅನ್ನುತ್ತಾರೆ. ಪರಿಸರದ ಬಗ್ಗೆ ಕಾಳಜಿ ಇರುವವರು ಒಟ್ಟು ಲೆಕ್ಕ ಕೇಳುತ್ತಾರೆ. ಒಂದು ರೂಮಿನ ನೀರು, ಕಸ, ಕೊಳಚೆ ಸಣ್ಣದು. ಅಂಥದು ಊರಿಗೆ ನೂರಾದರೆ ಬೇಸಿಗೆಯಲ್ಲಿ ಬಾವಿ ಬತ್ತುವುದು ಯಾರದು?

ಈ ವಾದಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂದು ನನಗನ್ನಿಸುತ್ತದೆ. ಮನೆಯವರ ವಾಸಕ್ಕೆ ಕೋಣೆ ಮಾಡಿಕೊಳ್ಳುವುದನ್ನು ಪಂಚಾಯಿತಿ ಒಂದು ಸಣ್ಣ ಅರ್ಜಿ, ಒಂದು ಸ್ಥಳ ಪರಿಶೀಲನೆಯಲ್ಲಿ ಮುಗಿಸಿಕೊಡಬೇಕು. ಬಾಡಿಗೆಗೆ ಕೊಡುವುದಾದರೆ ಪಾರ್ಕಿಂಗ್, ಕೊಳಚೆ, ನೋಂದಣಿ ಎಲ್ಲವನ್ನೂ ಕೇಳಲಿ. ಬರೆ ಮುಟ್ಟುವ ಕೆಲಸಕ್ಕೆ ಮಾತ್ರ, ಅದು ಯಾರ ಬಳಕೆಗೇ ಇರಲಿ, ಎಂಜಿನಿಯರ್ ಸಹಿ ಇಲ್ಲದೆ ಒಪ್ಪಿಗೆ ಕೊಡಬಾರದು. ಈಗ ಮೂರಕ್ಕೂ ಒಂದೇ ಅಲೆದಾಟ ಇದೆ. ಹಾಗಾಗಿ ಸುಲಭವಾಗಬೇಕಾದವರೂ ಕದ್ದು ಕಟ್ಟುತ್ತಾರೆ, ತಡೆಯಬೇಕಾದವರೂ ಕದ್ದು ಕಟ್ಟುತ್ತಾರೆ.

ಕೇಳದೆ ಕಟ್ಟಿದರೆ ಏನಾಗುತ್ತದೆ

ನಾಳೆಯೇ ಬಂದು ಕೆಡವುತ್ತಾರೆ ಅನ್ನುವುದು ಅತಿಯಾಯಿತು. ತೊಂದರೆ ಬೇರೆ ಕಡೆಯಿಂದ ನಿಧಾನವಾಗಿ ಬರುತ್ತದೆ.

ಮೊದಲು ಕರೆಂಟು. ಮನೆಯ ಮೀಟರಿನಿಂದಲೇ ರೂಮಿಗೂ ಅಂಗಡಿಗೂ ಲೈನ್ ಎಳೆದರೆ ಮನೆ ದರದ ಕರೆಂಟನ್ನು ವ್ಯಾಪಾರಕ್ಕೆ ಬಳಸಿದ ಹಾಗಾಗುತ್ತದೆ. 200 ಯೂನಿಟ್‌ವರೆಗಿನ ಗೃಹಜ್ಯೋತಿ ಸೌಲಭ್ಯ ಇರುವುದು ಮನೆ ಬಳಕೆಗೆ ಮಾತ್ರ. ತಪಾಸಣೆಯಲ್ಲಿ ಸಿಕ್ಕಿದರೆ ಹಿಂಬಾಕಿ ಸಮೇತ ಬಿಲ್ ಬರುತ್ತದೆ. ಬೇರೆ ಮೀಟರ್ ಕೇಳಿದರೆ ಕಟ್ಟಡದ ಕಾಗದ ಕೇಳುತ್ತಾರೆ. ಅಂಗಡಿಯ ಲೈಸೆನ್ಸಿಗೂ ಅದೇ ಕಾಗದ. ಆಮೇಲೆ ಬ್ಯಾಂಕು. ಮನೆ ಅಡವಿಟ್ಟು ಮಗಳ ಓದಿಗೋ ತೋಟಕ್ಕೋ ಸಾಲ ಕೇಳಿದಾಗ, ಬ್ಯಾಂಕಿನ ಎಂಜಿನಿಯರ್ ಬಂದು ಮಂಜೂರಾದ ಪ್ಲಾನನ್ನೂ ಎದುರಿಗಿರುವ ಕಟ್ಟಡವನ್ನೂ ಹೋಲಿಸುತ್ತಾರೆ. ಶೆಡ್ಡು ಎಂದಿರುವ ಕಡೆ ರೂಮ್ ಇದ್ದರೆ ವರದಿಯಲ್ಲಿ ಬರೆಯುತ್ತಾರೆ. ಮನೆ ಮಾರುವಾಗಲೂ ಇದೇ ಕತೆ.

"ಮುಂದೆ ಅಕ್ರಮ ಸಕ್ರಮದಲ್ಲಿ ಸರಿಮಾಡಿಸಿಕೊಳ್ಳೋಣ" ಅನ್ನುವ ಭರವಸೆಯೂ ಇದೆ. ರಾಜ್ಯದ ಆ ಯೋಜನೆ 2013ರ ಅಕ್ಟೋಬರ್ 19ಕ್ಕೆ ಮೊದಲು ಆದ ಉಲ್ಲಂಘನೆಗಳಿಗೆ ಮಾತ್ರ ಇತ್ತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೂ ತಡೆ ಕೊಟ್ಟಿತು. 2024ರ ತೀರ್ಪು ಬಂದ ಮೇಲೆ ಆ ಬಾಗಿಲು ಇನ್ನಷ್ಟು ಕಿರಿದಾಗಿದೆ. ಇವತ್ತು ಕಟ್ಟಿದ ಗೋಡೆಗೆ ನಾಳೆ ಬರುವ ಯಾವುದೋ ಯೋಜನೆಯನ್ನು ನಂಬಿಕೊಳ್ಳುವುದು ಬೇಡ.

ಈಗಾಗಲೇ ಮಾಡಿಬಿಟ್ಟವರಿಗೆ

ಮೊದಲು ಹಳೆಯ ಮಂಜೂರಾತಿ ಪ್ಲಾನನ್ನು ಹುಡುಕಿ ತೆಗೆಯಿರಿ. ಶೆಡ್ಡು ಅದರಲ್ಲಿ ಇತ್ತೇ, ಇದ್ದರೆ ಎಷ್ಟು ಅಳತೆ ಅನ್ನುವುದರಿಂದ ಮುಂದಿನ ದಾರಿ ಗೊತ್ತಾಗುತ್ತದೆ. ಶೆಡ್ಡೇ ಪ್ಲಾನಿನಲ್ಲಿ ಇಲ್ಲದಿದ್ದರೆ ಬದಲಾವಣೆಗೆ ಅರ್ಜಿ ಹಾಕಿ ಪ್ರಯೋಜನ ಇಲ್ಲ, ಕಟ್ಟಡವನ್ನೇ ಮೊದಲಿನಿಂದ ದಾಖಲೆಗೆ ತರಬೇಕು. ಪ್ಲಾನಿನಲ್ಲಿದ್ದರೆ ಪರಿಷ್ಕೃತ ಪ್ಲಾನ್ ಹಾಕಬಹುದು. ಆಗ ಕಾರಿಗೆ ಅಂಗಳದಲ್ಲೋ ಬೇರೆ ಬದಿಯಲ್ಲೋ ಜಾಗ ತೋರಿಸಬೇಕು. ತೋರಿಸಲು ಜಾಗವೇ ಇಲ್ಲದಿದ್ದರೆ ರೂಮನ್ನು ಮನೆಯವರ ಬಳಕೆಗೆ ಇಟ್ಟುಕೊಂಡು, ಬಾಡಿಗೆಯ ಯೋಚನೆ ಬಿಡುವುದು ಒಳ್ಳೆಯದು. ಪಾರ್ಕಿಂಗ್ ಕಡಿಮೆಯಾದ ತಕರಾರು ಆಗಲೂ ಉಳಿಯುತ್ತದೆ, ಆದರೆ ವ್ಯಾಪಾರದ ತಕರಾರು ಅದಕ್ಕೆ ಸೇರುವುದಿಲ್ಲ.

ಕಾಗದದ ಕೆಲಸಕ್ಕೆ ತಿಂಗಳುಗಳು ಹಿಡಿಯಬಹುದು. ಮಳೆ ಅಲ್ಲಿಯವರೆಗೆ ಕಾಯುವುದಿಲ್ಲ. ಶೆಡ್ಡಿನ ಹಿಂದಿನ ಗೋಡೆ ಬರೆಗೆ ತಾಗಿಕೊಂಡಿದ್ದರೆ ಮೇ ತಿಂಗಳೊಳಗೆ ಸಿವಿಲ್ ಎಂಜಿನಿಯರ್ ಒಬ್ಬರಿಂದ ತೋರಿಸಿ. ಮುಚ್ಚಿದ ಕಿಂಡಿಗಳನ್ನು ತೆರೆಸಿ, ಒಳಗೆ ಪೈಪು ಹಾಕಿಸಿ ನೀರನ್ನು ಹೊರಗೆ ಬಿಡಿಸಿ. ಬರೆಯ ಮೇಲೆ ಸಣ್ಣ ಚರಂಡಿ ತೋಡಿ ಮಳೆನೀರು ಬದಿಗೆ ಹೋಗುವ ಹಾಗೆ ಮಾಡಿ. ಗೋಡೆ ಹೊಟ್ಟೆ ಬಿಟ್ಟಿದೆಯೇ, ಟೈಲ್ಸ್ ಸಾಲಾಗಿ ಒಡೆದಿದೆಯೇ, ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾಗಿದೆಯೇ, ಕಿಂಡಿಯಿಂದ ಬರುವ ನೀರು ಕೆಂಪಾಗಿ ಮಣ್ಣು ತರುತ್ತಿದೆಯೇ ನೋಡುತ್ತಿರಿ. ಇದರಲ್ಲಿ ಒಂದು ಕಂಡರೂ ಆ ರಾತ್ರಿ ಆ ಕೋಣೆಯಲ್ಲಿ ಯಾರನ್ನೂ ಮಲಗಿಸಬೇಡಿ. ಬುಕ್ಕಿಂಗ್ ಇದ್ದರೆ ದುಡ್ಡು ವಾಪಸ್ ಕೊಡಿ. ಮೇಲಿನ ಮನೆಯವರಿಗೂ ಆಗಲೇ ಹೇಳಿ ಬನ್ನಿ.